ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಟ್ಟುವಾಗ ಶಾಫ್ಟಿನ ಎಂಡ್ ಪ್ಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಮೇಜಿನ ಮೇಲೆ ನಿಲ್ಲಿಸಿದ ಮೇಲೆ ನಾನು ಮೊದಲು ಹುಡುಕುವುದು ಸ್ಪ್ಯಾನರ್ ಅಲ್ಲ, ಶಾಫ್ಟ್ ಎಷ್ಟು ಸರಿಯುತ್ತದೆ ಎಂದು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್. ಗಾಡಿಯ ಮಾಲೀಕರಿಗೆ ಇದು ಕಾಲಹರಣದಂತೆ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಪೂಜೆಗೆ ಮುಂಚಿನ ಶಾಸ್ತ್ರದಂತೆ. ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಕೈ ಪಳಗಿಸಿಕೊಂಡು ಈಗ ಆಟೋಮ್ಯಾಟಿಕ್ ಬಿಚ್ಚಲು ಹೊರಟವರು ಇದನ್ನು ಓದಬಹುದು.

ಎಂಡ್ ಪ್ಲೇ ಎಂದರೆ ಏನು?

ಶಾಫ್ಟ್ ತನ್ನ ಉದ್ದಕ್ಕೆ, ಹಿಂದಕ್ಕೂ ಮುಂದಕ್ಕೂ, ಎಷ್ಟು ಸರಿಯುತ್ತದೆ ಎಂಬ ಅಳತೆ. ಪಕ್ಕಕ್ಕೆ ಅಲುಗಾಡುವುದು ಬೇರೆ, ಅದು ಬುಷ್ ಸವೆದ ಲಕ್ಷಣ. ಎತ್ತಿನ ಗಾಡಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಚಕ್ರ ಅಚ್ಚಿನ ಮೇಲೆ ಕಡಾಣಿಯವರೆಗೆ ಒಳಗೂ ಹೊರಗೂ ಸ್ವಲ್ಪ ಸರಿದಾಡುತ್ತದಲ್ಲ, ಅದೇ ಆಟ. ಅಲ್ಲಿ ಬೆರಳಗಲ ಇದ್ದರೂ ನಡೆಯುತ್ತದೆ. ಗೇರ್‌ಬಾಕ್ಸಿನಲ್ಲಿ ಲೆಕ್ಕ ಮಿಲಿಮೀಟರಿನ ನೂರನೇ ಭಾಗದಲ್ಲಿ.

ಆಟವೇ ಇಲ್ಲದಂತೆ ಬಿಗಿಯಾಗಿ ಕಟ್ಟಿದರೆ ಒಳ್ಳೆಯದಲ್ಲವೇ?

ಅಲ್ಲ. ಒಳಗೆ ಡ್ರಮ್, ಹಬ್, ಪ್ಲಾನೆಟರಿ ಗೇರ್ ಎಲ್ಲವೂ ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ನಡುವೆ ಥ್ರಸ್ಟ್ ವಾಷರ್ ಅಥವಾ ಚಪ್ಪಟೆ ನೀಡಲ್ ಬೇರಿಂಗ್ ಇರುತ್ತದೆ. ಒಂದೊಂದೂ ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದ ನಡುವೆ ಎಣ್ಣೆಯ ಪದರ ನಿಲ್ಲಲು ಜಾಗ ಬೇಕು. ಜಾಗ ಇಲ್ಲದಿದ್ದರೆ ವಾಷರ್ ಒಣಗಿ ಸುಡುತ್ತದೆ, ಬೇರಿಂಗಿನ ಸೂಜಿಗಳು ರೇಸಿನಲ್ಲಿ (ಅವು ಉರುಳುವ ಚಪ್ಪಟೆ ಉಂಗುರ) ಗುಳಿ ಬೀಳಿಸುತ್ತವೆ.

ಆಟ ಹೆಚ್ಚಾದರೂ ಕೇಡೇ. ಗೇರಿನ ಹಲ್ಲುಗಳು ಓರೆಯಾಗಿರುವುದರಿಂದ ಅವು ತಿರುಗುವಾಗ ಉದ್ದಕ್ಕೂ ತಳ್ಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಕಾಲು ತೆಗೆದು ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಇನ್ನೊಂದು ಕಡೆಗೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ನಿಮ್ಮ ಬಲಗಾಲು ಎಷ್ಟು ಸಲ ಪೆಡಲ್ ಬದಲಿಸುತ್ತದೆ ಎಂದು ಎಣಿಸಿ ನೋಡಿ. ಅಷ್ಟೂ ಸಲ ಒಳಗಿನ ಸಾಲು ಆ ಕಡೆಯಿಂದ ಈ ಕಡೆಗೆ ಬಡಿಯುತ್ತದೆ. ಆಟ ಮಿತಿಯಲ್ಲಿದ್ದರೆ ಅದು ತಳ್ಳಾಟ, ಮೀರಿದರೆ ಸುತ್ತಿಗೆ ಏಟು. ಸೀಲ್ ರಿಂಗ್ ತಾನು ಕೂರುವ ತೋಡಿನಲ್ಲಿ ಹಿಂದೆ ಮುಂದೆ ಉಜ್ಜಿ ಸವೆಯುತ್ತದೆ, ಅಲ್ಲಿಂದ ಒತ್ತಡ ಸೋರುತ್ತದೆ, ಒತ್ತಡ ಸೋರಿದರೆ ಕ್ಲಚ್ ಜಾರುತ್ತದೆ. ಮಾಲೀಕರು ಬಂದು ಹೇಳುವುದು ಕೊನೆಯ ಮಾತನ್ನು ಮಾತ್ರ: "ಚಡಾವಿನಲ್ಲಿ ಎಳೆಯುವುದಿಲ್ಲ."

ಬಿಸಿಯಾದಾಗ ಶಾಫ್ಟ್ ಹಿಗ್ಗುತ್ತದೆ, ಅದಕ್ಕೇ ಆಟ ಬಿಡುತ್ತಾರೆ ಎನ್ನುತ್ತಾರೆ. ಸರಿಯೇ?

ಅರ್ಧ ಸರಿ. ಶಾಫ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂನದು. ಅದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಗೇರ್‌ಬಾಕ್ಸ್ 25 ಡಿಗ್ರಿಯಿಂದ 95 ಡಿಗ್ರಿಗೆ ಏರಿತು ಎಂದುಕೊಳ್ಳಿ. ಕೇಸ್ ಸುಮಾರು 0.64 ಮಿ.ಮೀ. ಬೆಳೆಯುತ್ತದೆ, ಒಳಗಿನ ಉಕ್ಕು 0.34. ಅಂದರೆ ಎಲ್ಲವೂ ಸಮನಾಗಿ ಕಾದ ಮೇಲೆ ಆಟ ಕಡಿಮೆಯಾಗುವುದಿಲ್ಲ, 0.3 ಮಿ.ಮೀ.ನಷ್ಟು ಹೆಚ್ಚುತ್ತದೆ! ಚಳಿಗಾಲದ ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ಗುಡ್ಡ ಹತ್ತಿಸಿದರೆ ಮಾತು ಬೇರೆ. ಒಳಗಿನ ಭಾಗಗಳು ಮೊದಲು ಕಾಯುತ್ತವೆ, ಕೇಸ್ ಇನ್ನೂ ತಣ್ಣಗಿರುತ್ತದೆ, ಆಗ ಜಾಗ ಕಿರಿದಾಗುತ್ತದೆ. ಮ್ಯಾನ್ಯುಯಲ್ಲಿನ ಅಂಕಿ ಇದನ್ನೆಲ್ಲ ಲೆಕ್ಕ ಹಾಕಿ ತಣ್ಣಗಿನ ಅಳತೆಗೆ ಕೊಟ್ಟಿರುವುದು. ಹಾಗಾಗಿ ಬಿಸಿ ನೀರಿನಲ್ಲಿ ತೊಳೆದ ಕೇಸನ್ನೋ ಬಿಸಿಲಿನಲ್ಲಿ ಒಣಗಿಸಿದ ಕೇಸನ್ನೋ ತಂದು ಕೂಡಲೇ ಅಳೆಯಬೇಡಿ.

ಎಷ್ಟು ಇರಬೇಕು? ಒಂದು ಅಂಕಿ ಹೇಳಿ.

ಹೇಳುವುದಿಲ್ಲ, ಹೇಳಿದರೆ ಅದನ್ನೇ ಎಲ್ಲ ಗಾಡಿಗೂ ಹಾಕುತ್ತೀರಿ. ಪುಸ್ತಕಗಳಲ್ಲಿ ಸಿಗುವ ಹಳೆಯ ಅಮೆರಿಕನ್ ಗೇರ್‌ಬಾಕ್ಸ್‌ಗಳ ಉದಾಹರಣೆ ನೋಡಿ. ಜನರಲ್ ಮೋಟಾರ್ಸ್‌ನ 700ಆರ್4 ವಂಶದಲ್ಲಿ ಇನ್‌ಪುಟ್ ಶಾಫ್ಟಿಗೆ 0.005ರಿಂದ 0.036 ಇಂಚು, ಅಂದರೆ 0.13ರಿಂದ 0.91 ಮಿ.ಮೀ. ಅದೇ ಕಂಪನಿಯ ಟರ್ಬೊ 400ಕ್ಕೆ 0.003ರಿಂದ 0.024 ಇಂಚು. ಕ್ರೈಸ್ಲರ್‌ನ 727ಕ್ಕೆ 0.034ರಿಂದ 0.084 ಇಂಚು, ಅಂದರೆ 0.86ರಿಂದ 2.13 ಮಿ.ಮೀ. ಒಂದರ ಮೇಲಿನ ಮಿತಿ ಮುಗಿಯುವ ಹೊತ್ತಿಗೆ ಇನ್ನೊಂದರ ಕೆಳಗಿನ ಮಿತಿ ಶುರುವಾಗುತ್ತದೆ. ನಿಮ್ಮ ಮುಂದಿರುವ ಗೇರ್‌ಬಾಕ್ಸಿನ ಮಾದರಿ ಸಂಖ್ಯೆ ಓದಿ, ಅದರ ಮ್ಯಾನ್ಯುಯಲ್ ತೆಗೆಯಿರಿ.

ಮಿತಿಯೊಳಗೆ ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದರೆ, ನಾನು ಮಧ್ಯಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸುತ್ತೇನೆ. ಓಡುತ್ತಾ ಆಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕೈಯಲ್ಲಿ ಎಳೆದು ನೋಡಿದರೆ ಗೊತ್ತಾಗುವುದಿಲ್ಲವೇ?

ಆಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಮಾಮೂಲಿ ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಐದು ಹಾಳೆಗೂ ಹತ್ತು ಹಾಳೆಗೂ ಇರುವ ವ್ಯತ್ಯಾಸವನ್ನು, ಏಳೆಂಟು ಕಿಲೋ ತೂಗುವ ಸರಕನ್ನು ಎತ್ತುತ್ತಾ ಬೆರಳಲ್ಲೇ ಹೇಳುತ್ತೇನೆ ಎನ್ನುವವರಿಗೆ ನಮಸ್ಕಾರ.

ಯಾವ ಉಪಕರಣ ಬೇಕು?

0.01 ಮಿ.ಮೀ. ಓದುವ ಡಯಲ್ ಗೇಜ್, ಅದರ ಸ್ಟ್ಯಾಂಡ್, ಮೈಕ್ರೋಮೀಟರ್, ಟಾರ್ಕ್ ರೆಂಚ್. ಇಷ್ಟೇ.

ಸ್ಟ್ಯಾಂಡಿನ ವಿಷಯದಲ್ಲಿ ಎಲ್ಲರೂ ಒಮ್ಮೆ ಪೆಚ್ಚಾಗುತ್ತಾರೆ. ಲೇತ್ ಅಂಗಡಿಯಿಂದ ಮ್ಯಾಗ್ನೆಟ್ ಸ್ಟ್ಯಾಂಡ್ ಎರವಲು ತರುತ್ತಾರೆ, ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡುವ ಗಂಟೆಯಾಕಾರದ ಮುಂಭಾಗ) ಮೇಲೆ ಇಟ್ಟು ಗುಂಡಿ ತಿರುಗಿಸುತ್ತಾರೆ, ಕೈ ಬಿಟ್ಟ ಕೂಡಲೇ ಜಾರಿ ಬೀಳುತ್ತದೆ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಎಲ್ಲಿ ಅಂಟೀತು? ನಾನು 8 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆಸಿ, ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳಿಗೆ ಬಿಗಿದು, ಅದರ ಮೇಲೆ ಸ್ಟ್ಯಾಂಡ್ ಕೂರಿಸುತ್ತೇನೆ. ಗುಜರಿಯಲ್ಲಿ ಸಿಕ್ಕಿದ ಪಟ್ಟಿ, ಇವತ್ತಿಗೂ ಅದೇ. ಇನ್ನೊಂದು ಮಾತು: ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಡಯಲ್ ಗೇಜನ್ನು ಕಪಾಟಿನಲ್ಲಿ ಬರಿದೇ ಇಟ್ಟರೆ ಜುಲೈ ಮುಗಿಯುವುದರೊಳಗೆ ಕಡ್ಡಿ ತಡೆದು ತಡೆದು ಚಲಿಸುತ್ತದೆ. ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಪೊಟ್ಟಣದ ಜೊತೆ ಇಡಿ.

ಅಳೆಯುವ ಕ್ರಮ ಹೇಗೆ?

ಹಿಂಬದಿ ಚಕ್ರಕ್ಕೆ ಚಾಲನೆ ಕೊಡುವ ಉದ್ದನೆಯ ಗೇರ್‌ಬಾಕ್ಸ್ ಎಂದುಕೊಂಡು ಹೇಳುತ್ತೇನೆ. ಬೆಲ್ ಹೌಸಿಂಗ್ ಮೇಲೆ ಬರುವಂತೆ ನಿಲ್ಲಿಸಿ. ಔಟ್‌ಪುಟ್ ಶಾಫ್ಟ್ ಕೆಳಗೆ ಜೋತುಬೀಳದಂತೆ ಆಧಾರ ಕೊಡಿ. ಇಲ್ಲದಿದ್ದರೆ ಅದರ ಆಟವೂ ಇದರ ಆಟವೂ ಕಲಸಿಹೋಗಿ ಅಂಕಿಗೆ ಅರ್ಥವಿರುವುದಿಲ್ಲ.

ಆಯಿಲ್ ಪಂಪಿಗೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಬೋಲ್ಟ್‌ಗಳನ್ನು ಪೂರ್ತಿ ಟಾರ್ಕಿಗೆ ಬಿಗಿಯಿರಿ. ಕೈಬಿಗಿಯಲ್ಲಿ ಅಳೆದರೆ ಗ್ಯಾಸ್ಕೆಟ್ ಅದುಮಿರುವುದಿಲ್ಲ, ಆಟ ಹೆಚ್ಚು ತೋರಿಸುತ್ತದೆ. ಪಂಪಿನ ಸುತ್ತಲಿನ ದೊಡ್ಡ ಓ-ರಿಂಗನ್ನು ಅಳೆಯುವಾಗ ಹಾಕದಿದ್ದರೆ ಪಂಪ್ ಮತ್ತೆ ತೆಗೆಯುವುದು ಸುಲಭ. ಕೊನೆಗೆ ಹಾಕಲು ಮರೆಯಬೇಡಿ, ಅಷ್ಟೇ.

ಗೇಜಿನ ಕಡ್ಡಿಯನ್ನು ಇನ್‌ಪುಟ್ ಶಾಫ್ಟಿನ ತುದಿಯ ಮೇಲೆ, ಶಾಫ್ಟಿಗೆ ಸಮಾನಾಂತರವಾಗಿ ಇಡಿ. ಓರೆಯಾದರೆ ಓದು ತಪ್ಪುತ್ತದೆ. ಕಡ್ಡಿ ಒಂದೆರಡು ಮಿ.ಮೀ. ಒಳಗೆ ಒತ್ತಿಕೊಂಡಿರಲಿ. ಶಾಫ್ಟನ್ನು ಅಂಗೈಯಿಂದ ಕೆಳಕ್ಕೆ ಒತ್ತಿ, ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ, ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ನೇರವಾಗಿ ಮೇಲಕ್ಕೆ ಎಳೆಯಬೇಕು. ಹಿಡಿಯಲು ಶಾಫ್ಟಿಗೆ ರಬ್ಬರ್ ಪಟ್ಟಿ ಸುತ್ತಿ ಹೋಸ್ ಕ್ಲಿಪ್ ಬಿಗಿದರೆ, ಅದರ ಕೆಳಗೆ ಎರಡೂ ಕಡೆ ಬೆರಳು ಕೊಟ್ಟು ಎತ್ತಬಹುದು. ಒಂದೇ ಕಡೆಯಿಂದ ಸ್ಕ್ರೂಡ್ರೈವರ್ ಮೀಟಿದರೆ ಶಾಫ್ಟ್ ವಾಲುತ್ತದೆ, ಮುಳ್ಳು ಆ ವಾಲಾಟವನ್ನೂ ಸೇರಿಸಿ ತೋರಿಸುತ್ತದೆ. ಸ್ಪ್ಲೈನಿನ ಹಲ್ಲಿಗೆ ಬರಿ ಇಕ್ಕಳ ಹಾಕುವವರ ಕೈಗೆ ನಾನು ಎರಡನೇ ಸಲ ಗೇರ್‌ಬಾಕ್ಸ್ ಕೊಡುವುದಿಲ್ಲ.

ಮುಳ್ಳು ನಿಂತ ಜಾಗ ಓದಿ, ಬಿಡಿ. ಮುಳ್ಳು ಸೊನ್ನೆಗೆ ಮರಳಬೇಕು. ಮರಳದಿದ್ದರೆ ಸ್ಟ್ಯಾಂಡ್ ಅಲುಗಿದೆ ಅಥವಾ ಒಳಗೇನೋ ಸಿಕ್ಕಿಕೊಂಡಿದೆ, ಆ ಓದನ್ನು ಬಿಟ್ಟುಬಿಡಿ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆರಡು ಸಲ ಅಳೆಯಿರಿ. ಮೂರೂ 0.02–0.03ರ ಒಳಗೆ ಹೊಂದಿದರೆ ಬರೆದುಕೊಳ್ಳಿ.

ಮುಂಬದಿ ಚಕ್ರದ ಗಾಡಿಗಳ ಅಡ್ಡ ಗೇರ್‌ಬಾಕ್ಸಿನಲ್ಲಿ ಯಾವ ಶಾಫ್ಟ್, ಯಾವ ಕಡೆಯಿಂದ ಎಂಬುದು ಬದಲಾಗುತ್ತದೆ. ತತ್ವ ಇದೇ.

ಬಿಚ್ಚುವ ಮೊದಲೇ ಅಳೆಯುವುದು ಏಕೆ? ಹೇಗೂ ಎಲ್ಲ ಹೊಸದು ಹಾಕುತ್ತೇವಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬಹಳ ವರ್ಷದ ಹಿಂದೆ ಕೊಪ್ಪದ ಕಡೆಯಿಂದ ಅಡಿಕೆ ಬೆಳೆಗಾರರೊಬ್ಬರ ಗಾಡಿ ಬಂತು. ಅವಸರದಲ್ಲಿ ಅಳೆಯದೆ ಬಿಚ್ಚಿದೆ. ತೊಳೆದು, ಕ್ಲಚ್ ಪ್ಲೇಟ್, ಸೀಲ್ ಹೊಸದು ಹಾಕಿ ಕಟ್ಟಿ ಅಳೆದರೆ 1.6 ಮಿ.ಮೀ. ಮಿತಿಗಿಂತ ಬಹಳ ಹೆಚ್ಚು. ಮೊದಲೂ ಇಷ್ಟೇ ಇತ್ತೋ, ನಾನು ಏನಾದರೂ ಬಿಟ್ಟೆನೋ? ಹೇಳುವವರು ಯಾರು? ದಪ್ಪ ವಾಷರ್ ಹಾಕಿ ಮುಗಿಸೋಣ ಎಂದು ಮನಸ್ಸು ಹೇಳಿತು. ಕೈ ಒಪ್ಪಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದೆ, ಅಂಕಿ ಕದಲಲಿಲ್ಲ. ಮೂರನೇ ದಿನ ಸೀಮೆಎಣ್ಣೆಯ ತೊಳೆಯುವ ತಟ್ಟೆಯನ್ನು ಚೆಲ್ಲಲು ಹೋದಾಗ ತಳದ ಕಪ್ಪು ರಾಡಿಯಲ್ಲಿ ಉಂಗುರದಂಥದ್ದು ಬೆರಳಿಗೆ ತಗುಲಿತು. ಒರೆಸಿ ನೋಡಿದರೆ ಥ್ರಸ್ಟ್ ಬೇರಿಂಗಿನ ರೇಸ್. ಎಣ್ಣೆಯ ಅಂಟಿಗೆ ಡ್ರಮ್ಮಿನ ಬೆನ್ನಿಗೆ ಹತ್ತಿಕೊಂಡಿದ್ದದ್ದು ತೊಳೆಯುವಾಗ ಉದುರಿತ್ತು. ಮೈಕ್ರೋಮೀಟರಿಗೆ ಇಟ್ಟೆ: 1.1 ಮಿ.ಮೀ. ಅದನ್ನು ಅದರ ಜಾಗಕ್ಕೆ ಹಾಕಿದ ಮೇಲೆ ಆಟ 0.5ಕ್ಕೆ ಬಂತು.

ಮೊದಲೇ ಅಳೆದಿದ್ದರೆ 0.5ರ ಸುತ್ತಮುತ್ತಲಿನ ಅಂಕಿ ನನ್ನ ಚೀಟಿಯಲ್ಲಿ ಇರುತ್ತಿತ್ತು. ಕಟ್ಟಿದ ಮೇಲೆ 1.6 ಬಂದಾಗ, 1.1 ದಪ್ಪದ ಒಂದು ವಸ್ತು ಕಾಣೆಯಾಗಿದೆ ಎಂದು ಕಳೆಯುವ ಲೆಕ್ಕವೇ ಹೇಳುತ್ತಿತ್ತು. ದಪ್ಪ ವಾಷರ್ ಹಾಕಿ ಮುಗಿಸಿದ್ದರೆ? ಗೇಜ್ ಸರಿ ಎನ್ನುತ್ತಿತ್ತು, ರೇಸ್ ಇಲ್ಲದ ಸೂಜಿಗಳು ಬರಿ ಡ್ರಮ್ಮನ್ನು ಕೊರೆಯುತ್ತಿದ್ದವು.

ಇನ್ನೊಂದು ಲಾಭವೂ ಇದೆ. ಬಿಚ್ಚುವ ಮೊದಲೇ ಆಟ 1.4 ಇದ್ದು, ವಾಷರ್‌ಗಳೆಲ್ಲ ಹೊಸದಾದ ಮೇಲೂ ಅಷ್ಟೇ ಬಂದರೆ ಸವೆದಿರುವುದು ವಾಷರ್ ಅಲ್ಲ. ಪಂಪಿನ ಮುಖ, ಡ್ರಮ್ಮಿನ ಮುಖ ಅಥವಾ ಕೇಸಿನ ಒಳಗಿನ ಮೆಟ್ಟಿಲು ನೋಡಿ.

ಶಿಮ್ ಅಥವಾ ವಾಷರ್ ದಪ್ಪವನ್ನು ಹೇಗೆ ಲೆಕ್ಕ ಹಾಕುವುದು?

ಅಳೆದ ಆಟದಿಂದ ಬೇಕಾದ ಆಟ ಕಳೆಯಿರಿ. ಉಳಿದದ್ದನ್ನು ಈಗಿರುವ ಆಯ್ಕೆಯ ವಾಷರಿನ (ಬೇರೆ ಬೇರೆ ದಪ್ಪದಲ್ಲಿ ಸಿಗುವಂಥದ್ದು) ದಪ್ಪಕ್ಕೆ ಕೂಡಿಸಿ. ಅಳೆದದ್ದು 1.32, ಬೇಕಾದದ್ದು 0.45, ವ್ಯತ್ಯಾಸ 0.87. ಈಗಿನ ವಾಷರ್ 1.93 ಇದ್ದರೆ ಹೊಸದು 2.80 ಬೇಕು. ಅಂಗಡಿಯಲ್ಲಿ 2.77 ಸಿಕ್ಕಿದರೆ ಆಟ 0.48ಕ್ಕೆ ನಿಲ್ಲುತ್ತದೆ, ತೊಂದರೆಯಿಲ್ಲ. ಪೊಟ್ಟಣದ ಮೇಲಿನ ದಪ್ಪವನ್ನು ನಂಬದೆ ನಾಲ್ಕು ಕಡೆ ಅಳೆಯಿರಿ. ಹಾಕಿದ ಮೇಲೆ ಮತ್ತೊಮ್ಮೆ ಆಟ ಅಳೆಯಿರಿ, ಲೆಕ್ಕ ಸರಿಯಿದ್ದರೂ.

ಟರ್ನರ್ ಹತ್ತಿರ ಕಬ್ಬಿಣದ ತಗಡಿನಲ್ಲಿ ವಾಷರ್ ಕಡಿಸಬಹುದೇ ಎಂದು ಕೇಳುವವರಿದ್ದಾರೆ. ಭದ್ರಾವತಿಯಲ್ಲಿ ಏನನ್ನು ಬೇಕಾದರೂ ಕಡೆಯುವ ಕೈಗಳಿವೆ, ಅದು ನನಗೆ ಗೊತ್ತು. ಆದರೆ ಇಲ್ಲಿ ಬೇಕಾದದ್ದು ಆಕಾರ ಮಾತ್ರವಲ್ಲ, ಗಡಸು ಮತ್ತು ಮೇಲ್ಮೈಯ ನುಣುಪು. ಮೆದು ತಗಡು ಮೊದಲ ಘಾಟಿಯಲ್ಲೇ ಸವೆದು ಎಣ್ಣೆಗೆ ಸೇರುತ್ತದೆ.

ಕಟ್ಟಿದ ಮೇಲೆ ಆಟವೇ ಇಲ್ಲ, ಶಾಫ್ಟ್ ತಿರುಗುತ್ತಲೂ ಇಲ್ಲ. ತೆಳು ವಾಷರ್ ಹಾಕಲೇ?

ಬೇಡ! ಬೋಲ್ಟ್ ಸಡಿಲಿಸಿ, ಪಂಪ್ ಮೇಲೆತ್ತಿ. ಹತ್ತರಲ್ಲಿ ಒಂಬತ್ತು ಸಲ ಡ್ರಮ್ ಪೂರ್ತಿ ಕೆಳಗೆ ಇಳಿದಿರುವುದಿಲ್ಲ. ಕ್ಲಚ್ ಪ್ಲೇಟುಗಳ ಒಳಹಲ್ಲುಗಳು ಒಂದೊಂದಾಗಿ ಹಬ್ಬಿಗೆ ಸಿಗಬೇಕು. ಕೊನೆಯ ಒಂದು ಪ್ಲೇಟ್ ಹಲ್ಲಿನ ಮೇಲೆ ಕುಳಿತುಬಿಟ್ಟರೆ ಇಡೀ ಸಾಲು ಒಂದೆರಡು ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಶಾಫ್ಟನ್ನು ಹಿಡಿದು ಸ್ವಲ್ಪ ಆ ಕಡೆ ಈ ಕಡೆ ಆಡಿಸುತ್ತಾ ಇಳಿಸಿದರೆ ಒಂದೊಂದು ಪ್ಲೇಟ್ ಸಿಕ್ಕಾಗಲೂ "ಟಕ್" ಎಂದು ಕೈಗೆ ತಿಳಿಯುತ್ತದೆ. ಪ್ಲೇಟ್ ಎಷ್ಟಿವೆಯೋ ಅಷ್ಟು ಟಕ್ ಎಣಿಸುವುದು ನನ್ನ ಅಭ್ಯಾಸ.

ಪಂಪ್ ತನ್ನ ಜಾಗಕ್ಕೆ ಕೈಯಲ್ಲೇ ಹೋಗಿ ಕೂರಬೇಕು. ಸಂದು ಕಾಣುತ್ತಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ, ಪ್ಲೇಟ್ ಮುರಿಯುತ್ತದೆ, ಇಲ್ಲವೇ ಪಂಪ್ ಸೀಳುತ್ತದೆ. ಬಿಗಿಯುವಾಗ ಇನ್ನೊಂದು ಕೈಯಲ್ಲಿ ಶಾಫ್ಟ್ ತಿರುಗಿಸುತ್ತಲೇ ಇರಿ. ಬಿಗಿಯುತ್ತಾ ಬಂದಂತೆ ಶಾಫ್ಟ್ ಭಾರವಾದರೆ ಅಲ್ಲೇ ನಿಲ್ಲಿಸಿ. ಉಳಿದ ಒಂದು ಸಲದ ಕಾರಣ ಬೇರಿಂಗ್ ತಲೆಕೆಳಗಾಗಿರುವುದು, ಇಲ್ಲವೇ ಒಂದೇ ಕಡೆ ಎರಡು ವಾಷರ್ ಬಿದ್ದಿರುವುದು.

ಹಳೆಯ ಥ್ರಸ್ಟ್ ವಾಷರ್, ಬೇರಿಂಗ್ ಮತ್ತೆ ಬಳಸಬಹುದೇ?

ಕಿವಿ ಮುರಿದ, ಗೆರೆ ಬಿದ್ದ, ನೀಲಿಗಟ್ಟಿದ ವಾಷರ್ ಬೇಡ. ಬೇರಿಂಗಿನ ರೇಸ್ ಮೇಲೆ ಉಗುರು ಎಳೆಯಿರಿ, ತಡೆದರೆ ಎಸೆಯಿರಿ. ಎಣ್ಣೆ ತಟ್ಟೆಯ ತಳದಲ್ಲಿ ಹಿತ್ತಾಳೆ ಬಣ್ಣದ ಪುಡಿ ಕಂಡಿದ್ದರೆ ವಾಷರೋ ಬುಷ್ಷೋ ಸವೆದಿದೆ, ಅದು ಯಾವುದೆಂದು ತಿಳಿಯುವವರೆಗೆ ಕಟ್ಟಲು ಕೂರಬೇಡಿ. ಕಪ್ಪು ಪುಡಿ ಕ್ಲಚ್ ಪ್ಲೇಟಿನದು.

ವಾಷರ್ ಜಾರದಂತೆ ಗ್ರೀಸ್ ಹಚ್ಚಿದರೆ ಆಗುವುದೇ?

ಚಾಸಿಗೆ ಹೊಡೆಯುವ ಗ್ರೀಸ್ ಬೇಡವೇ ಬೇಡ. ಅದು ಎಟಿಎಫ್‌ನಲ್ಲಿ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಕರಗದೆ ಫಿಲ್ಟರಿಗೂ ವಾಲ್ವಿನ ಸಣ್ಣ ದಾರಿಗಳಿಗೂ ಹೋಗಿ ಕೂರುತ್ತದೆ. ಔಷಧಿ ಅಂಗಡಿಯ ಪೆಟ್ರೋಲಿಯಂ ಜೆಲ್ಲಿ ಸಾಕು, ಅದು ಬಿಸಿ ಎಣ್ಣೆಯಲ್ಲಿ ಕರಗುತ್ತದೆ. ತೆಳ್ಳಗೆ ಹಚ್ಚಿ. ಮೆತ್ತಿದರೆ ಅದೇ ಒಂದು ಪದರವಾಗಿ ಆಟ ಕಡಿಮೆ ತೋರಿಸುತ್ತದೆ. ಒರೆಸಲು ಹತ್ತಿ ವೇಸ್ಟ್ ಕೂಡ ಬೇಡ, ಅದರ ಎಳೆ ಒಳಗೆ ಉಳಿಯುತ್ತದೆ.

ಕ್ಲಚ್ ಪ್ಲೇಟಿನ ಸಂದು ಮತ್ತು ಎಂಡ್ ಪ್ಲೇ ಒಂದೇ ಅಲ್ಲವೇ?

ಅಲ್ಲ. ಅದು ಒಂದು ಡ್ರಮ್ಮಿನೊಳಗೆ ಪ್ಲೇಟಿಗೂ ಸರ್ಕ್ಲಿಪ್ಪಿಗೂ ನಡುವೆ, ಫೀಲರ್ ಗೇಜಿನಲ್ಲಿ (ಸಂದಿಗೆ ತೂರಿಸುವ ತೆಳು ಪಟ್ಟಿಗಳು) ಅಳೆಯುವುದು. ಒಂದನ್ನು ಸರಿಪಡಿಸಿದರೆ ಇನ್ನೊಂದು ಸರಿಹೋಗುವುದಿಲ್ಲ.

ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಗೇರ್ ಜಾರುತ್ತಿದೆ. ಎಂಡ್ ಪ್ಲೇ ಹಾಳಾಗಿದೆಯೇ?

ಮೊದಲು ಎಣ್ಣೆ ನೋಡಿ. ಉಸಿರಾಟದ ಕೊಳವೆಯಿಂದ ನೀರು ಒಳಹೋಗಿದ್ದರೆ ಕೆಂಪು ಎಟಿಎಫ್ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿರುತ್ತದೆ. ಕ್ಲಚ್ ಪ್ಲೇಟಿನ ಹೊದಿಕೆ ಕಾಗದದಂಥ ವಸ್ತು, ಅಂಟಿನಿಂದ ಹಿಡಿದಿರುವುದು. ನೀರು ಅಂಟನ್ನು ಬಿಡಿಸುತ್ತದೆ. ಆ ಬಣ್ಣ ಕಂಡರೆ ಗಾಡಿ ಓಡಿಸದೆ ಎಳೆಸಿಕೊಂಡು ಬನ್ನಿ. ಎಂಡ್ ಪ್ಲೇ ಒಂದೇ ದಿನದಲ್ಲಿ ಕೆಡುವುದಿಲ್ಲ. ಆದರೆ ನೀರು ಸೇರಿದ ಎಣ್ಣೆಯಲ್ಲಿ ಹಾಗೇ ತಿಂಗಳುಗಟ್ಟಲೆ ನಿಲ್ಲಿಸಿದರೆ ನೀಡಲ್ ಬೇರಿಂಗಿಗೆ ತುಕ್ಕು ಹಿಡಿದು, ಆಮೇಲೆ ಅದೂ ಕೆಡುತ್ತದೆ.

ನನ್ನದು ಎಎಂಟಿ ಗಾಡಿ. ಇದೆಲ್ಲ ನನಗೆ ಅನ್ವಯಿಸುತ್ತದೆಯೇ?

ಎಎಂಟಿ ಎಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲ, ಪ್ಲಾನೆಟರಿ ಸಾಲೂ ಇಲ್ಲ. ಅದರ ಶಾಫ್ಟುಗಳ ಬೇರಿಂಗಿಗೂ ಅಳತೆ, ಶಿಮ್ ಇವೆ, ಕ್ರಮ ಮಾತ್ರ ಬೇರೆ.

ಗೇರ್‌ಬಾಕ್ಸ್ ಕೂರಿಸುವಾಗ ಇದೆಲ್ಲ ಮತ್ತೆ ಕೆಡಬಹುದೇ?

ಕೆಡಬಹುದು, ಅದೂ ಕೊನೆಯ ಹತ್ತು ನಿಮಿಷದಲ್ಲಿ. ಟಾರ್ಕ್ ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿ. ಎರಡು ಸ್ಪ್ಲೈನ್, ಆಮೇಲೆ ಪಂಪಿನ ಹಲ್ಲು, ಸಾಮಾನ್ಯವಾಗಿ ಮೂರು ಮೆಟ್ಟಿಲು ಇಳಿಯಬೇಕು. ಬೆಲ್ ಹೌಸಿಂಗ್ ಎಂಜಿನ್ನಿಗೆ ಕೈಯಲ್ಲೇ ಹೋಗಿ ತಾಗಬೇಕು. ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ (ಎಂಜಿನ್ ಕಡೆಯ ತಟ್ಟೆ) ಅದಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ಹಲವು ಗೇರ್‌ಬಾಕ್ಸ್‌ಗಳಲ್ಲಿ ಇದು 3ರಿಂದ 5 ಮಿ.ಮೀ. ಸಂದು ಇಲ್ಲದೆ ಬೋಲ್ಟ್ ಬಿಗಿದರೆ ಕನ್ವರ್ಟರ್ ಪಂಪನ್ನು ಒತ್ತಿ ಹಿಡಿಯುತ್ತದೆ. ಎಂಜಿನ್ ಚಾಲೂ ಮಾಡಿದ ಕೂಡಲೇ ಪಂಪ್ ಹೋಗುತ್ತದೆ.

ಗಾಡಿ ಕೊಡುವಾಗ ಒಂದು ಚೀಟಿ ಕೊಟ್ಟಿರಿ, ಅದರಲ್ಲಿ ಬರಿ ಅಂಕಿಗಳಿವೆ. ಏನದು?

ಬಿಚ್ಚುವ ಮೊದಲಿನ ಆಟ, ಕಟ್ಟಿದ ಮೇಲಿನ ಆಟ, ಹಾಕಿದ ವಾಷರಿನ ದಪ್ಪ, ತಾರೀಖು. ಆರ್‌ಸಿ ಪುಸ್ತಕದ ಕವರಿನಲ್ಲಿ ಇಟ್ಟುಕೊಳ್ಳಿ. ಮುಂದೆ ಇದನ್ನು ಬಿಚ್ಚುವವರು ನಾನಲ್ಲದೆ ಇರಬಹುದು, ಅವರು ಅಳೆಯದೆ ಬಿಚ್ಚುವವರೂ ಇರಬಹುದು.